ಬಿಳಿಯ ರವಿಕೆ

ಕಳೆದ ಸಂಚಿಕೆಯಲ್ಲಿ ಚಳಿಗಾಲದ ಹೊದಿಕೆಗಳನ್ನು ಕುರಿತು ಬರೆದಿದ್ದ ನಾಲ್ಕು ಮಾತುಗಳನ್ನು ಓದಿ ಕೆಲವರು ವಾಚಕರು ಪತ್ರಗಳನ್ನು ಬರೆದಿರುವರು. ಅವುಗಳಲ್ಲಿ ಒಂದು, ಹೊದಿಕೆಯನ್ನು ಬಿಟ್ಟು ಬೇರೊಂದು ವಸ್ತ್ರದ ವಿಷಯವಾಗಿದೆ. ಬರೆದವರು ಒಬ್ಬ ಗೃಹಸ್ಥರು. ಅವರ ಮಗಳಿಗೆ ಈ ವರ್ಷ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕಿಯ ಕೆಲಸ ದೊರೆತಿದೆ. ಹುಡುಗಿಗೆ ಚಿಕ್ಕಂದಿನಿಂದಲೂ ಬಿಳಿಯ ರವಿಕೆಯ ಮೇಲೆ ಆಸೆ. ಮೊದಲ ಸಂಬಳದಲ್ಲಿ ನಾಲ್ಕು ಹೊಲಿಸಿಕೊಳ್ಳಬೇಕೆಂದಿದ್ದಳಂತೆ. ಮನೆಯಲ್ಲಿ ಅಜ್ಜಿಯವರು ಅದು ಶುಭಕ್ಕೆ ಸಲ್ಲದೆನ್ನುವರು. ಚಿಕ್ಕಮ್ಮನವರು, "ನಿನ್ನ ಬಣ್ಣಕ್ಕೆ ಅದು ಒಪ್ಪುವುದಿಲ್ಲ, ಇನ್ನೂ ಕಪ್ಪಾಗಿ ಕಾಣುತ್ತೀಯೆ" ಎನ್ನುವರು. ಈ ಎರಡನೆಯ ಮಾತನ್ನು ಕೇಳಿದಂದಿನಿಂದ ಅವಳು ಬಟ್ಟೆಯ ಅಂಗಡಿಗೆ ಬರುವುದನ್ನೇ ಬಿಟ್ಟಿರುವಳೆಂದೂ, ತಂದುಕೊಟ್ಟುದನ್ನು ಮರುಮಾತಿಲ್ಲದೆ ತೊಡುವಳೆಂದೂ ತಂದೆಯವರು ನೊಂದು ಬರೆದು, ಶಾಸ್ತ್ರವೇನು, ರುಚಿಯೇನು, ಎರಡನ್ನೂ ವಿಚಾರಿಸಿ ಹೇಳಬೇಕೆಂದು ಕೇಳಿರುವರು.

ಉತ್ತರಕ್ಕೆ ಮುನ್ನ ಒಂದು ಅರಿಕೆ. ಈ ಲೇಖನದಲ್ಲಿ ಕೋಶ ಕಾವ್ಯಗಳಿಗೆ ಸಂಬಂಧಪಟ್ಟ ಮಾತುಗಳು ನನ್ನವು. ಸೂಜಿ, ದಾರ, ಸಾಬೂನುಗಳಿಗೆ ಸಂಬಂಧಪಟ್ಟವು ನಮ್ಮ ಮನೆಯವರವು. ಇವೆರಡರಲ್ಲಿ ಯಾವುದು ಹೆಚ್ಚು ಉಪಯುಕ್ತವೆಂಬುದನ್ನು ವಾಚಕಿಯರು ಕೂಡಲೆ ತಿಳಿಯುವರು.

ರವಿಕೆಯು ನಮ್ಮಲ್ಲಿ ನಿನ್ನೆ ಮೊನ್ನೆ ಬಂದುದಲ್ಲ. ಅಮರಸಿಂಹನು ಚೋಲ, ಕೂರ್ಪಾಸಕ ಎಂಬ ಎರಡು ಹೆಸರುಗಳನ್ನು ಒಂದೆಡೆಯಲ್ಲಿ ಹೇಳಿರುವನು. ಚೋಳಿ ಎಂಬುದು ಮೊದಲನೆಯದರ ನಂಟು. ಎರಡನೆಯದು ಕನ್ನಡಿಗರ ಬಾಯಲ್ಲಿ ಮೆತ್ತಗಾಗಿ ಕುಪ್ಪಸವಾಯಿತು. ಋತುಸಂಹಾರದಲ್ಲಿ ಚಳಿಗಾಲದ ವರ್ಣನೆಯಲ್ಲಿ ಈ ಕೂರ್ಪಾಸಕವು ಬರುತ್ತದೆ. ಅಳತೆ ಹಿಡಿದು, ತೋಳು ಕತ್ತರಿಸಿ, ಹುಕ್ಕು ಹಾಕಿ ಹೊಲಿಯುವ ಈಗಿನ ರೂಪವು ಮಾತ್ರ ಈಚಿನದು. 1864ರಲ್ಲಿ ಪತಿ ಸತ್ಯೇಂದ್ರನಾಥ ಠಾಕೂರರೊಡನೆ ಮುಂಬಯಿಗೆ ಹೋದ ಜ್ಞಾನದಾನಂದಿನೀ ದೇವಿಯವರು ಅಲ್ಲಿಯ ಸ್ತ್ರೀಯರ ಉಡಿಗೆಯನ್ನು ಕಂಡು, ಸೀರೆಯೊಡನೆ ಹೊಲಿದ ಜಾಕೀಟನ್ನು ತೊಡುವ ಪದ್ಧತಿಯನ್ನು ಬಂಗಾಳದ ವಿದ್ಯಾವಂತ ಮನೆತನಗಳಿಗೆ ರೂಢಿ ಮಾಡಿಸಿದರು. ನಮ್ಮ ಅಜ್ಜಿಯಂದಿರ ಹಳೆಯ ಛಾಯಾಚಿತ್ರಗಳಲ್ಲಿ ಕಾಣುವ, ಕೊರಳಿಗೂ ತೋಳಿಗೂ ಲೇಸು ಕಟ್ಟಿದ ಬಿಳಿಯ ಜಾಕೀಟುಗಳು ಆ ಕಾಲದ ಗಾಳಿಯವೇ.

ಪ್ರಕೃತಮನುಸರಾಮಃ. ಮೊದಲು ಅಜ್ಜಿಯವರ ಆಕ್ಷೇಪಣೆ. ಬಿಳುಪು ಅಶುಭವೆಂಬುದು ಶಾಸ್ತ್ರವಲ್ಲ, ರೂಢಿ. ಆ ರೂಢಿಯಾದರೂ ಎಲ್ಲೆಡೆಯಲ್ಲಿಯೂ ಒಂದಾಗಿಲ್ಲ. ವಿದ್ಯೆಯ ಅಧಿದೇವತೆಯನ್ನು ನಾವು ಬೆಳ್ಳನೆಯ ವಸ್ತ್ರದಲ್ಲಿಯೇ ಧ್ಯಾನಿಸುತ್ತೇವೆ. ಅಧ್ಯಾಪಕಿಗೆ ಇದಕ್ಕಿಂತ ಹತ್ತಿರದ ಆಧಾರ ಬೇಕೆ? ಹಳೆಯ ಮೈಸೂರಿನ ಎಷ್ಟೋ ಮನೆತನಗಳಲ್ಲಿ ಧಾರೆಯ ಹೊತ್ತಿಗೆ ಮದುಮಗಳು ಉಡುವುದು ಕೆಂಪಂಚಿನ ಬಿಳಿಯ ಸೀರೆ. ಬಂಗಾಳದಲ್ಲಿ ದುರ್ಗಾಪೂಜೆಗೆ ಮುತ್ತೈದೆಯರು ಉಡುವುದೂ ಅಂತಹದನ್ನೇ. ಕೇರಳದ ಹಬ್ಬವಂತೂ ಕಸವಿನ ಅಂಚಿನ ಬಿಳುಪಿಲ್ಲದೆ ಹಬ್ಬವೇ ಅಲ್ಲ.

ಇದಕ್ಕೆ ವಿರುದ್ಧವಾಗಿ, ನಮ್ಮ ನಾಡಿನ ಅನೇಕ ಬ್ರಾಹ್ಮಣ ಕುಟುಂಬಗಳಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸಿನ ಪಾಲಿಗೆ ಬಂದಿದ್ದುದು ಬಿಳಿಯ ಸೀರೆಯಲ್ಲ, ಕೆಂಪು ಸೀರೆ. ನನ್ನ ತಂದೆಯವರ ಹಿರಿಯ ಅಕ್ಕನವರನ್ನು ನಾವು ದೊಡ್ಡತ್ತೆ ಎನ್ನುತ್ತಿದ್ದೆವು. ಅವರು ವಿಧವೆಯಾದಾಗ ಹನ್ನೊಂದು ವರ್ಷ. 1973ರ ಸುಮಾರಿನಲ್ಲಿ ನಾನು ಎಂಟು ವರ್ಷದ ಹುಡುಗನಾಗಿದ್ದಾಗ ಅವರಿಗೆ ಅರುವತ್ತು ಕಳೆದಿತ್ತು. ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆಳೆದುಕೊಂಡು, ಮೈಗೆ ರವಿಕೆಯಿಲ್ಲದೆ, ಧನುರ್ಮಾಸದ ಮುಂಜಾನೆಯ ಚಳಿಯಲ್ಲಿ ಬಾವಿಯಿಂದ ನೀರು ಸೇದುತ್ತಿದ್ದರು. ಮಧ್ಯಾಹ್ನ ಜಗಲಿಯ ಬೆಳಕಿನಲ್ಲಿ ಕುಳಿತು, ನಮ್ಮ ಅಕ್ಕಂದಿರ ಶಾಲೆಗೆ ಬಿಳಿಯ ರವಿಕೆಗಳನ್ನು ಕೈಯಲ್ಲಿಯೇ ಹೊಲಿಯುತ್ತಿದ್ದರು. ಹೊಲಿಗೆಯು ಅಕ್ಕಿಯ ಕಾಳುಗಳನ್ನು ಸಾಲಾಗಿ ಜೋಡಿಸಿದಂತಿರುತ್ತಿತ್ತು. ಒಮ್ಮೆ ನನ್ನ ಕಿರಿಯ ಅಕ್ಕ, "ದೊಡ್ಡತ್ತೆ, ನಿನಗೊಂದು?" ಎಂದು ಕೇಳಿದಳು. ದೊಡ್ಡತ್ತೆ ದಾರವನ್ನು ಹಲ್ಲಿನಲ್ಲಿ ಕಡಿದು, "ನನ್ನ ಅಳತೆಯೇ ಮರೆತುಹೋಗಿದೆ ಕಣೆ" ಎಂದರು. ಬಟ್ಟೆಯ ವಿಷಯದಲ್ಲಿ ಯಾರಾದರೂ ಹೆಣ್ಣುಮಗಳಿಗೆ ಇದು ಸಲ್ಲದು, ಅದು ಸಲ್ಲದು ಎನ್ನುವಾಗಲೆಲ್ಲ ನನಗೆ ಆ ಮಾತು ಕೇಳಿಸುತ್ತದೆ. ಅಜ್ಜಿಯವರಿಗೆ ಮೊಮ್ಮಗಳ ಮೇಲಿರುವ ಪ್ರೀತಿಯಲ್ಲಿ ನನಗೆ ಸಂದೇಹವಿಲ್ಲ. ಅವರ ಮನಸ್ಸಮಾಧಾನಕ್ಕೆ ಹೊಸ ಕಣದ ಮೂಲೆಗೆ ಅರಿಸಿನ ಹಚ್ಚಿ ಅವರ ಕೈಯಿಂದಲೇ ಕೊಡಿಸಿದರಾಯಿತು.

ಇನ್ನು ಬಣ್ಣದ ಮಾತು. ಇದಕ್ಕೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರ ಹೇಳಬೇಕಾಗಿದೆ; ಏಕೆಂದರೆ ಬಿಳಿ ಎಂಬುದು ಒಂದು ಬಣ್ಣವೆಂಬ ತಪ್ಪು ತಿಳಿವಳಿಕೆಯಿಂದಲೇ ಈ ತೊಡಕು ಹುಟ್ಟಿದೆ. ಅಮರಕೋಶದಲ್ಲಿ ಬಿಳುಪಿಗೆ ಶುಕ್ಲ, ಶುಭ್ರ, ಶ್ವೇತ, ವಿಶದ, ಅವದಾತ, ಧವಳ ಮೊದಲಾಗಿ 13 ಹೆಸರುಗಳಿವೆ. ಅವು ಮುಗಿದ ಮೇಲೆ, ಹಳದಿ ಬೆರೆತ ಬಿಳುಪಿಗೆ ಹರಿಣ, ಪಾಂಡುರ, ಪಾಂಡು ಎಂದು ಬೇರೆ ಮೂರು. ಅದಕ್ಕಿಂತಲೂ ಮಂಕಾದುದಕ್ಕೆ ಧೂಸರವೆಂದು ಇನ್ನೊಂದು. ಹಿಂದಿನವರ ಕಣ್ಣು ಅಷ್ಟು ಸೂಕ್ಷ್ಮ. ಅಂಗಡಿಯಲ್ಲಿ ಸಂಸ್ಕೃತವನ್ನಾಡಿದರೆ ನಡೆಯುವುದಿಲ್ಲವಾದುದರಿಂದ ಮನೆಯ ಮಾತಿನಲ್ಲಿಯೇ ಮೂರು ಬಿಳುಪುಗಳನ್ನು ಗೊತ್ತುಮಾಡಿಕೊಳ್ಳೋಣ: ಎಮ್ಮೆಯ ಹಾಲಿನ ಬಿಳುಪು, ಹಸುವಿನ ಹಾಲಿನ ಬಿಳುಪು, ನೀಲಿ ಬೆರೆಸಿದ ಸುಣ್ಣದ ಬಿಳುಪು. ಮೊದಲನೆಯದು ಶುದ್ಧ, ಎರಡನೆಯದರಲ್ಲಿ ಹಳದಿಯ ಸುಳಿವು, ಮೂರನೆಯದರಲ್ಲಿ ಕಣ್ಣು ಕೋರೈಸುವ ತಣ್ಣನೆಯ ನೀಲಿಯ ಛಾಯೆ.

ಗಿರಣಿಯ ಬಿಳಿಯ ಬಟ್ಟೆಗಳಲ್ಲಿ ಬಹಳಷ್ಟು ಈ ಮೂರನೆಯ ಜಾತಿಯವು. ಅವುಗಳಿಗೆ ಬಿಳುಪನ್ನು ಹೆಚ್ಚಿಸುವ ರಾಸಾಯನಿಕ ದ್ರವ್ಯವೊಂದನ್ನು ಕೂಡಿಸಿರುವರು. ಅದು ಬಿಸಿಲಿನಲ್ಲಿರುವ, ನಮ್ಮ ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳನ್ನು ಹೀರಿ, ನೀಲಿಯ ಬೆಳಕನ್ನು ಹೊರಸೂಸುವುದು. ಆದಕಾರಣ ಅಂಗಡಿಯ ದೀಪದಲ್ಲಿ ಸೀರೆಯ ಬಿಳುಪಿಗೂ ಕಣದ ಬಿಳುಪಿಗೂ ಭೇದವೇ ಇಲ್ಲವೆಂದು ತಂದುದು ಮನೆಯ ಅಂಗಳದಲ್ಲಿ ಬೇರೆ ಬೇರೆಯಾಗಿ ನಿಲ್ಲುವುದು. ಮಾರುವವನನ್ನು ಬೈದು ಫಲವಿಲ್ಲ. ಹಗಲಿನಲ್ಲಿಯೇ ಅಂಗಡಿಗೆ ಹೋಗಿ, ಎರಡು ಮೂರು ಕಣಗಳನ್ನು ಬಾಗಿಲಿನ ಬೆಳಕಿಗೆ ತಂದು, ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಬೇಕು. ಒಂಟಿಯಾಗಿ ನೋಡಿದರೆ ಎಲ್ಲವೂ ಬಿಳುಪೇ.

ಆ ಮೇಲೆ ಒಂದನ್ನು ಎಡ ಹೆಗಲಿನ ಮೇಲೂ ಇನ್ನೊಂದನ್ನು ಬಲ ಹೆಗಲಿನ ಮೇಲೂ ಹಾಕಿಕೊಂಡು ಕನ್ನಡಿಯಲ್ಲಿ ಬಟ್ಟೆಯನ್ನಲ್ಲ, ಮುಖವನ್ನು ನೋಡಿಕೊಳ್ಳತಕ್ಕದ್ದು. ಯಾವ ಕಡೆಯ ಕೆನ್ನೆ ಕಳೆಗೂಡುವುದೋ ಆ ಕಡೆಯ ಬಿಳುಪು ನಿಮ್ಮದು. ಕಣ್ಣು ಮೊದಲು ಬಟ್ಟೆಗೆ ಹೋಗಿ ಅನಂತರ ಮುಖಕ್ಕೆ ಬಂದರೆ, ಆ ಬಿಳುಪು ನಿಮಗೆ ಅತಿಯಾಯಿತೆಂದರ್ಥ.

ಹೀಗೆ ಪರೀಕ್ಷಿಸಿ ನೋಡಿದರೆ ಚಿಕ್ಕಮ್ಮನವರಿಗೇ ಆಶ್ಚರ್ಯವಾಗುವ ಒಂದು ಸಂಗತಿ ತಿಳಿದುಬರುವುದು. ಬಿಳುಪು ಕಷ್ಟವಾಗುವುದು ಕಪ್ಪಗಿರುವವರಿಗಲ್ಲ, ಪೇಲವವಾಗಿ ಬೆಳ್ಳಗಿರುವವರಿಗೆ. ಅವರ ಮುಖಕ್ಕೂ ವಸ್ತ್ರಕ್ಕೂ ಅಂತರ ಸಾಲದೆ ಎರಡೂ ಮಂಕಾಗುವುವು. ಕಪ್ಪು ಮೈಬಣ್ಣದವರ ಕಣ್ಣು, ಹುಬ್ಬು, ನಗೆ ಇವು ಬಿಳುಪಿನ ನೆರೆಯಲ್ಲಿ ಬರೆದಿಟ್ಟಂತೆ ಸ್ಪಷ್ಟವಾಗುವುವು. ಛಾಯಾಚಿತ್ರ ತೆಗೆಯುವವರು ಮುಖದ ನೆರಳನ್ನು ತಿಳಿಯಾಗಿಸಲು ಗಲ್ಲದ ಕೆಳಗೆ ಬಿಳಿಯ ಹಲಗೆಯೊಂದನ್ನು ಹಿಡಿಸುವುದನ್ನು ಕಂಡಿರಬಹುದು. ಬಿಳಿಯ ರವಿಕೆಯು ಅದೇ ಕೆಲಸವನ್ನು ಕೂಲಿಯಿಲ್ಲದೆ ಮಾಡುವುದು. ಕಾರ್ಮುಗಿಲಿನ ಮುಂದೆ ಹಾರುವ ಬೆಳ್ಳಕ್ಕಿಯ ಸಾಲನ್ನು ನೋಡಿ, ಈ ಹಕ್ಕಿಗಳು ಇಲ್ಲಿ ಹಾರಬಾರದಾಗಿತ್ತೆಂದು ಯಾವ ಕವಿಯೂ ಹೇಳಿಲ್ಲ. ದ್ರೌಪದಿಗೆ ಕೃಷ್ಣೆಯೆಂದು ಹೆಸರು ಬಂದುದು ಅವಳ ಮೈಬಣ್ಣದಿಂದ. ಅವಳ ರೂಪವನ್ನು ಬಣ್ಣಿಸುವುದರಲ್ಲಿ ವ್ಯಾಸರಿಗೆ ಯಾವ ಸಂಕೋಚವೂ ಆಗಲಿಲ್ಲ. ಕಪ್ಪಿಗೆ ಕುಂದು ಹೇಳುವ ಈ ಅಭ್ಯಾಸವನ್ನು ನಾವು ಯಾವ ಗ್ರಂಥದಿಂದ ಕಲಿತೆವೋ, ನಾನಂತೂ ಅದನ್ನು ಪಾಠ ಹೇಳಿದವನಲ್ಲ.

ಕಪ್ಪು ಮೈಬಣ್ಣದಲ್ಲಿ ಕೆಂಪಿನ ಅಥವಾ ಹೊನ್ನಿನ ಛಾಯೆಯುಳ್ಳವರು ಹಸುವಿನ ಹಾಲಿನ ಬಿಳುಪನ್ನು ಆರಿಸಬಹುದೆಂದೂ, ಉಳಿದವರು ಎಮ್ಮೆಯ ಹಾಲಿನದನ್ನು ಆರಿಸಬಹುದೆಂದೂ, ಸುಣ್ಣದ ಬಿಳುಪನ್ನು ಕಡುನೀಲಿ, ಕಪ್ಪು, ಬೂದು ಸೀರೆಗಳಿಗೆ ಮೀಸಲಿಡುವುದು ಮೇಲೆಂದೂ ನನ್ನ ಅಭಿಪ್ರಾಯ. ನಮ್ಮ ಮನೆಯವರು ಇದನ್ನು ಒಪ್ಪುವುದಿಲ್ಲ. ಹೊಲಿಗೆ ಸರಿಯಾಗಿದ್ದರೆ ಮೂರೂ ಒಪ್ಪುವುವು, ಹೊಲಿಗೆ ಕೆಟ್ಟರೆ ಒಂದೂ ಒಪ್ಪದು ಎನ್ನುವರು. ಎರಡನ್ನೂ ಬರೆದಿದ್ದೇನೆ.

ಬಟ್ಟೆಯ ಜಾತಿಗೆ ಬಂದರೆ, ದಿನಬಳಕೆಗೆ ಟೂ ಬೈ ಟೂ ಎಂದು ಮಾರುವ ರೂಬಿಯಾ ಹತ್ತಿಯೇ ಸಾಕು. ಹಾಸಿನಲ್ಲಿಯೂ ಹೊಕ್ಕಿನಲ್ಲಿಯೂ ಎರಡೆಳೆಯ ಹುರಿನೂಲಿರುವುದರಿಂದ ಅದಕ್ಕೆ ಆ ಹೆಸರು. ಮಲ್ಮಲ್ ಬೇಸಗೆಗೆ ಹಿತ, ಆದರೆ ತೆಳು. ಪಾಪ್ಲಿನ್ ಗಟ್ಟಿ, ಆದರೆ ಬೆವರಿನ ದಿನಗಳಲ್ಲಿ ಬಿಗಿ. ಖಾದಿಯ ಬಿಳುಪು ತಾನಾಗಿಯೇ ಹಸುವಿನ ಹಾಲಿನದು, ಒಗೆದಷ್ಟೂ ಮೃದುವಾಗುವುದು. ತೆಳುವನ್ನು ಪರೀಕ್ಷಿಸಲು ಬಟ್ಟೆಯ ಹಿಂದೆ ಕೈಯಿಟ್ಟು ಕಿಟಕಿಗೆ ಹಿಡಿಯಿರಿ. ಬೆರಳುಗಳ ನಡುವಣ ಸಂದು ಎಣಿಸುವಂತೆ ಕಂಡರೆ ಲೈನಿಂಗು ಬೇಕೇ ಬೇಕು. ಮುಂದಿನ ಮಾತನ್ನು ಬರೆಯಲು ನಾನು ಹಿಂಜರಿದರೂ ನಮ್ಮ ಮನೆಯವರು ಬಿಡಲಿಲ್ಲ: ಬಿಳಿಯ ರವಿಕೆಯ ಒಳಗೆ ಬಿಳಿಯ ಒಳಉಡುಪು ಎದ್ದು ಕಾಣುವುದು, ಮೈಬಣ್ಣಕ್ಕೆ ಹೊಂದಿದುದು ಕಾಣಿಸದು. ಲೈನಿಂಗಿಗೂ ಇದೇ ನ್ಯಾಯ.

ಹೊಲಿಸುವ ಮುನ್ನ ಮೇಲುಬಟ್ಟೆಯನ್ನೂ ಲೈನಿಂಗನ್ನೂ ಬೇರೆ ಬೇರೆಯಾಗಿ ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ದರ್ಜಿಗೆ ಕೊಡತಕ್ಕದ್ದು. ಹಾಗಲ್ಲದಿದ್ದರೆ ಮೊದಲ ಒಗೆತದಲ್ಲಿ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ, ಕಂಕುಳಿನ ಬಳಿ ಸುಕ್ಕು ನಿಲ್ಲುವುದು. ಆ ಸುಕ್ಕನ್ನು ಯಾವ ಇಸ್ತ್ರಿಯೂ ಬಿಡಿಸಲಾರದು. ಈಗ ಬಟ್ಟೆಯ ಬೆಲೆಗಿಂತ ಹೊಲಿಗೆಯ ಕೂಲಿಯೇ ಹೆಚ್ಚಾಗಿರುವಾಗ ಈ ಒಂದು ರಾತ್ರಿಯ ತಾಳ್ಮೆ ನಷ್ಟವಲ್ಲ. ದಾರವನ್ನು ಬಟ್ಟೆಯ ಮೇಲಿಟ್ಟು ಹಗಲಿನಲ್ಲಿ ನೋಡಿ ಕೊಳ್ಳಬೇಕು. ಹಾಲುಬಿಳುಪಿನ ಮೇಲೆ ಸುಣ್ಣಬಿಳುಪಿನ ದಾರವು ಗೆರೆ ಎಳೆದಂತಿರುವುದು. ಪಕ್ಕಗಳಲ್ಲಿ ಒಂದೊಂದು ಅಂಗುಲ ಬಟ್ಟೆಯನ್ನು ಒಳಗೆ ಬಿಡಿಸಿರಿ. ಬಣ್ಣದ ರವಿಕೆಯನ್ನು ಬಿಚ್ಚಿ ಅಗಲಮಾಡಿದರೆ ಹಳೆಯ ಗುರುತು ಕಡುವಾಗಿ ಉಳಿಯುವುದು. ಬಿಳಿಯದರಲ್ಲಿ ನಾಲ್ಕು ಒಗೆತಕ್ಕೆ ಮಾಯ. ಹುಕ್ಕುಗಳು ಕಬ್ಬಿಣದವಾದರೆ ಮಳೆಗಾಲದಲ್ಲಿ ತುಕ್ಕಿನ ಕಲೆ ನಿಶ್ಚಯ. ತುಕ್ಕು ಹಿಡಿಯದವನ್ನು ಕೇಳಿ ಹಾಕಿಸಬೇಕು.

ತೋಳಿನ ಉದ್ದದ ವಿಷಯದಲ್ಲಿ ಒಂದೇ ಮಾತು ನೆನಪಿರಲಿ. ಬಿಳಿಯ ತೋಳು ಮುಗಿಯುವೆಡೆಯಲ್ಲಿ ಕೈಯ ಮೇಲೆ ಒಂದು ಅಡ್ಡಗೆರೆ ಬೀಳುವುದು. ನೋಡುವವರ ದೃಷ್ಟಿ ಅಲ್ಲಿ ನಿಲ್ಲುವುದು. ಆ ಗೆರೆಯು ತೋಳಿನ ದಪ್ಪನೆಯ ಭಾಗದಲ್ಲಿ ಬೀಳದಂತೆ, ಸ್ಥೂಲಕಾಯರು ಮೊಳಕೈಯವರೆಗೂ, ಸಣ್ಣ ತೋಳಿನವರು ತಮಗೆ ಬೇಕಾದೆಡೆಗೂ ಇಡಿಸಬಹುದು. ಕುಳ್ಳು ಕೊರಳಿನವರಿಗೆ ಮುಂದೆ ಕೋನವಾಗಿ ಇಳಿದ ಕತ್ತು, ನೀಳ ಕೊರಳಿನವರಿಗೆ ಮುಚ್ಚಿದ ಕತ್ತು ಅಥವಾ ಲೇಸಿನ ಪಟ್ಟಿ ಒಪ್ಪುವುದು. ಲಂಗದ ಮೇಲೆ ತೊಡುವ ಬ್ಲೌಸಿಗೂ ಇದನ್ನೇ ಅನ್ವಯಿಸಿಕೊಳ್ಳಬಹುದು.

ಯಾವ ಸೀರೆಗೆ ಎಂಬುದು ದೊಡ್ಡ ಪ್ರಶ್ನೆ. ಬಿಳಿಯ ರವಿಕೆ ಎಲ್ಲದಕ್ಕೂ ನಡೆಯುವುದೆಂದು ಹೇಳುವವರುಂಟು, ನಾನು ಒಪ್ಪಲಾರೆ. ಸೀರೆಯಲ್ಲಿ ಎಲ್ಲಿಯಾದರೂ, ಅಂಚಿನಲ್ಲಿಯೋ ಗೆರೆಯಲ್ಲಿಯೋ ಬುಟ್ಟಾದಲ್ಲಿಯೋ, ಚೂರು ಬಿಳುಪಿದ್ದರೆ ರವಿಕೆಯು ಅದನ್ನು ಕರೆದು ಜೊತೆಗೂಡಿಸಿಕೊಳ್ಳುವುದು. ಏನೂ ಇಲ್ಲದಿದ್ದರೆ ದೇಹವನ್ನು ಎರಡು ತುಂಡಾಗಿಸಿದಂತೆ ತೋರುವುದು. ಎತ್ತರ ಕಡಿಮೆಯಿರುವವರಿಗೆ ಇದು ಹೆಚ್ಚು ಬಾಧಕ. ಜರಿಯ ಅಂಚಿನ ಮೈಸೂರು ರೇಷ್ಮೆಗೆ ಹಸುವಿನ ಹಾಲಿನ ಬಿಳುಪಿನ ರೇಷ್ಮೆಯ ಕಣವೇ ಆಗಬೇಕು. ಸುಣ್ಣದ ಬಿಳುಪು ಜರಿಯನ್ನು ಹಿತ್ತಾಳೆಯಾಗಿಸುವುದು. ಇಳಕಲ್ಲ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸವೇ ಸಂಪ್ರದಾಯ, ಅದನ್ನು ಬಿಡಿಸಲು ನನಗೆ ಮನಸ್ಸಿಲ್ಲ. ಆದರೂ ಕಡುಬಣ್ಣದ ಇಳಕಲ್ಲಿನ ಮೇಲೆ, ತೋಳಂಚಿಗೆ ಮಾತ್ರ ಗವಂತಿಯ ಕಸೂತಿ ಹಾಕಿದ ಬಿಳಿಯ ರವಿಕೆಯನ್ನು ಧಾರವಾಡದ ಒಂದು ಮದುವೆಯಲ್ಲಿ ಕಂಡು ಮೆಚ್ಚಿದ್ದೇನೆ. ಗವಂತಿಯಲ್ಲಿ ಒಳಮೈ ಹೊರಮೈ ಎರಡೂ ಒಂದೇ ಆಗಿರುವುದರಿಂದ ತೆಳುವಾದ ಬಿಳಿಯ ಬಟ್ಟೆಗೆ ಅದು ಹೇಳಿಮಾಡಿಸಿದ ಹೊಲಿಗೆ. ಕಸೂತಿಯ ಕೆಂಪು ದಾರವನ್ನು ಮೊದಲು ಒದ್ದೆಯ ಬಿಳಿಯ ಚಿಂದಿಯಲ್ಲಿ ಉಜ್ಜಿ, ಬಣ್ಣ ಬಿಡುವುದೋ ಎಂದು ನೋಡುವುದನ್ನು ಮರೆಯಬಾರದು.

ಅಧ್ಯಾಪಕಿಗೆ ಬಿಳಿಯ ರವಿಕೆಯಿಂದ ಒಂದು ವಿಶೇಷ ಲಾಭವನ್ನು ನನ್ನ ಅನುಭವದಿಂದ ಹೇಳಬಲ್ಲೆ. ಸೀಮೆಸುಣ್ಣದ ಪುಡಿ ಕಾಣಿಸದ ಬಣ್ಣ ಅದೊಂದೇ.

ಇನ್ನುಳಿದುದು ಒಗೆತ. ಬೆವರಿನ ರವಿಕೆಯನ್ನು ಮರುದಿನಕ್ಕಿಡದೆ ಆ ದಿನವೇ ನೀರಿನಲ್ಲಿ ಅದ್ದಿ ತೆಗೆದರೆ ಕಂಕುಳಿನ ಹಳದಿ ಅರ್ಧ ತಪ್ಪಿದಂತೆ. ಅರಿಸಿನದ ಕಲೆಗೆ ಸಾಬೂನು ತಗಲಿದೊಡನೆ ಅದು ಕೆಂಪಾಗುವುದನ್ನು ಕಂಡು ಅನೇಕರು ಬಟ್ಟೆ ಕೆಟ್ಟಿತೆಂದು ಗಾಬರಿಯಾಗುವರು. ಆರತಿಯ ಓಕುಳಿಯಲ್ಲಿ ಸುಣ್ಣವು ಮಾಡುವುದನ್ನೇ ಇಲ್ಲಿ ಸಾಬೂನಿನ ಕ್ಷಾರವು ಮಾಡಿರುವುದು, ಅಷ್ಟೆ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದರೆ ಅರಿಸಿನವು ಬಿಸಿಲನ್ನು ತಾಳಲಾರದೆ ತಾನೇ ಮಾಸಿಹೋಗುವುದು. ಒಂದು ದಿನಕ್ಕೆ ಹೋಗದಿದ್ದರೆ ಇನ್ನೊಂದು ದಿನ. ತುಕ್ಕಿನ ಕಲೆಗೆ ನಿಂಬೆಯ ರಸವನ್ನೂ ಉಪ್ಪನ್ನೂ ಹಚ್ಚಿ ಬಿಸಿಲಿನಲ್ಲಿಟ್ಟು ಒಗೆಯಬೇಕು. ನೀಲಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನಲ್ಲಿ ಪೂರ್ತಿಯಾಗಿ ಕದಡಿ, ಒದ್ದೆಯ ರವಿಕೆಯನ್ನು ಅದ್ದತಕ್ಕದ್ದು. ಒಣಗಿದುದನ್ನು ಅದ್ದಿದರೆ ಮೋಡ ಮೋಡವಾಗಿ ನಿಲ್ಲುವುದು. ಹಸುವಿನ ಹಾಲಿನ ಬಿಳುಪಿಗೆ ನೀಲಿಯೇ ಬೇಡ. ಬಿಳುಪು ಹೆಚ್ಚಿಸುವುದೆಂದು ಮಾರುವ ಸಾಬೂನುಪುಡಿಯೂ ಬೇಡ. ಅದರಲ್ಲಿರುವುದು ಗಿರಣಿಯವರು ಹಾಕುವ ಜಾತಿಯ ದ್ರವ್ಯವೇ, ಹಾಲನ್ನು ಮೆಲ್ಲಮೆಲ್ಲನೆ ಸುಣ್ಣವಾಗಿಸುವುದು. ರೇಷ್ಮೆಯ ಬಿಳಿಯ ರವಿಕೆಯನ್ನು ಬಿಸಿಲಿಗೂ ಚಲುವೆಯ ಪುಡಿಗೂ ಒಡ್ಡಕೂಡದು. ಎರಡರಿಂದಲೂ ಅದು ಹಳದಿಯಾಗುವುದು.

ಗಂಜಿ ಹಾಕಿದುದನ್ನು ವಾರದೊಳಗೆ ತೊಡುವುದಾದರೆ ಸರಿ. ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಡುವುದಾದರೆ ಗಂಜಿಯಿಲ್ಲದೆ, ಇಸ್ತ್ರಿಯೂ ಇಲ್ಲದೆ, ಒಗೆದು ಒಣಗಿಸಿ, ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಸುತ್ತಿಡಬೇಕು; ಗಂಜಿಯ ಆಸೆಗೆ ಹುಳು ಬರುವುವು. ನುಸಿಗುಳಿಗೆಯು ಬಟ್ಟೆಗೆ ನೇರವಾಗಿ ತಗಲಬಾರದು. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆಯನ್ನು ಬದಲಾಯಿಸಿದರೆ ಮಡಿಚಿದ ಗೆರೆಯಲ್ಲಿ ಹಳದಿ ಕೂರುವುದಿಲ್ಲ.